ಯಾವ ಹಲ್ಲು?

ಕಿವಿಗೆ ಹಾಕುವ ಮಷೀನು ಮಾರುವ ಅಂಗಡಿಯ ಒಡತಿ ಜಾಹೀರಾತು ಕಚೇರಿಗೆ ಬಂದಾಗ ಮೊದಲು ಕೇಳಿದ್ದು, ನಿಮ್ಮಲ್ಲಿ ತಮಾಷೆ ಬರೆಯುವವರು ಯಾರು ಎಂದು. ಮಾಲೀಕರು ಕಿಟಕಿಯ ಪಕ್ಕದ ಮೇಜಿನತ್ತ ಕೈ ತೋರಿಸಿದರು. ಅಲ್ಲಿ ಕೂತಿದ್ದ ಹೆಂಗಸಿನ ಮುಖವನ್ನು ನೋಡಿ ಒಡತಿ, ಲೆಕ್ಕ ಬರೆಯುವವರಲ್ಲ, ತಮಾಷೆ ಬರೆಯುವವರು ಎಂದು ಬಿಡಿಸಿ ಹೇಳಿದರು. ಮಾಲೀಕರು ಕೈ ಇಳಿಸಲಿಲ್ಲ.

ಆ ಹೆಂಗಸನ್ನು ಕಚೇರಿಯಲ್ಲಿ ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅವಳಿಗಿಂತ ಹದಿನೈದು ವರ್ಷ ದೊಡ್ಡವರಾದ ಮಾಲೀಕರೂ ಅಷ್ಟೇ. ಅವಳು ನಕ್ಕಿದ್ದನ್ನು ಅಲ್ಲಿ ಕಂಡವರಿರಲಿಲ್ಲ. ಆದರೆ ಬೀಗದ ಕಂಪನಿಯೊಂದಕ್ಕೆ ‘ಕಳ್ಳರು ತಮ್ಮ ಮನೆಗೆ ಹಾಕುವ ಬೀಗ’ ಎಂದು ಬರೆದುಕೊಟ್ಟವಳು ಅವಳೇ. ಅದನ್ನು ಓದಿ ಜನ ನಕ್ಕಿದ್ದರು, ನಕ್ಕು ಬೀಗ ಕೊಂಡಿದ್ದರು. ಅಂದಿನಿಂದ ಮಾಲೀಕರು ತಮ್ಮ ಕುರ್ಚಿಯ ಹಿಂದಿನ ಗೋಡೆಗೆ ‘ಬಾಯಿ ತೆರೆದರೆ ಜೇಬೂ ತೆರೆಯುತ್ತದೆ’ ಎಂದು ದೊಡ್ಡದಾಗಿ ಬರೆಸಿ ಹಾಕಿದ್ದರು. ಬಂದವರಲ್ಲಿ ಕೆಲವರು ಅದನ್ನು ಲಂಚದ ಸಂಗತಿ ಎಂದುಕೊಳ್ಳುತ್ತಿದ್ದರು.

ಅಂಗಡಿಯ ಒಡತಿಯನ್ನು ಅವರ ಬೀದಿಯವರು ಕಿವಿ ಮೇಡಂ ಎಂದು ಕರೆಯುತ್ತಿದ್ದರು. ಕಿವಿ ಪರೀಕ್ಷೆ ಮಾಡುವುದನ್ನು ಓದಿ ಕಲಿತವರು. ಅವರ ಕಷ್ಟ ಇಷ್ಟೇ: ಕಿವಿ ಕೇಳಿಸದವರು ಅಂಗಡಿಗೆ ಬರುವುದೇ ಇಲ್ಲ, ಬಂದರೂ ಹತ್ತು ವರ್ಷ ತಡ ಮಾಡಿ ಬರುತ್ತಾರೆ, ಅದೂ ಆಚೀಚೆ ನೋಡಿಕೊಂಡು ಹೆಂಡದಂಗಡಿಗೆ ನುಗ್ಗುವವರ ಹಾಗೆ ಬರುತ್ತಾರೆ.

“ಕನ್ನಡಕ ಹಾಕ್ಕೊಂಡ್ರೆ ಓದಿದೋರು ಅಂತಾರೆ. ಕಿವಿಗೆ ಮಷೀನು ಹಾಕ್ಕೊಂಡ್ರೆ ಮುದುಕ ಅಂತಾರೆ,” ಎಂದರು ಅವರು. “ಈ ನಾಚಿಕೆ ಹೋಗ್ಬೇಕು. ಜನ ನಗುನಗುತ್ತಾ ಬರೋ ಹಾಗೆ ಏನಾದ್ರೂ ಮಾಡಿ.”

ಮಾಲೀಕರು ಇದರಲ್ಲಿ ‘ನಗುನಗುತ್ತಾ’ ಎಂಬುದನ್ನು ಮಾತ್ರ ಬರೆದುಕೊಂಡರು.

ಅಕ್ಕನಿಗೆ ಈ ಕೆಲಸ ಕಷ್ಟವಾಗಲಿಲ್ಲ. ಸರಕು ಮನೆಯಲ್ಲೇ ಇತ್ತು. ಅವಳ ಅಪ್ಪ ರೈಲು ನಿಲ್ದಾಣದಲ್ಲಿ ಗಾಡಿಗಳು ಬರುವುದು ಹೋಗುವುದನ್ನು ಮೈಕಿನಲ್ಲಿ ಹೇಳುತ್ತಿದ್ದವರು. ಎಂಜಿನ್ನುಗಳ ಮಗ್ಗುಲಲ್ಲೇ ಕೂತು ಕೆಲಸ ಮಾಡಿದವರಿಗೆ ನಿವೃತ್ತಿಯಾಗುವ ಹೊತ್ತಿಗೆ ಕಿವಿ ಅರ್ಧ ಹೋಗಿತ್ತು. ಉಳಿದರ್ಧ ಆಮೇಲೆ ಸದ್ದಿಲ್ಲದೆ ಹೋಯಿತು. ದನಿ ಮಾತ್ರ ಹಾಗೇ ಇತ್ತು. ಮನೆಯಲ್ಲಿ ನೀರು ಕೇಳಿದರೂ ಮೂರನೇ ಪ್ಲಾಟ್‌ಫಾರ್ಮಿಗೆ ನೀರು ಬರುತ್ತಿದೆ ಎಂಬಂತೆ ಒಂದೊಂದು ಪದವನ್ನೂ ಬಿಡಿಸಿ ಕೇಳುತ್ತಿದ್ದರು. ಗಾಡಿ ತಡವಾದಾಗಲೆಲ್ಲ ‘ವಿಷಾದಿಸುತ್ತೇವೆ’ ಎಂದು ಹೇಳಿ ಹೇಳಿ ಅವರ ವಿಷಾದವೆಲ್ಲ ಸ್ಟೇಷನ್ನಿನಲ್ಲೇ ಖರ್ಚಾಗಿ ಹೋಯಿತು, ಮನೆಗೆ ಒಂದು ಚೂರೂ ಉಳಿಯಲಿಲ್ಲ ಎಂದು ಅಮ್ಮ ಹೇಳುತ್ತಿದ್ದರು. ಅಪ್ಪನ ಎದುರಿಗೇ ಹೇಳುತ್ತಿದ್ದರು. ಅಪ್ಪ ಹೌದೆಂಬಂತೆ ತಲೆಯಾಡಿಸುತ್ತಿದ್ದರು.

ತಮಗೆ ಕೇಳಿಸುವುದಿಲ್ಲ ಎಂದು ಅಪ್ಪನಿಗೆ ಗೊತ್ತಿರಲಿಲ್ಲ. ಈಗಿನ ಜನ ಬಾಯಿ ತೆರೆದು ಮಾತಾಡುವುದಿಲ್ಲ ಎಂಬುದು ಅವರ ಅಭಿಪ್ರಾಯವಾಗಿತ್ತು. ಅಮ್ಮ, ಮಗಳು ಅದನ್ನು ತಿದ್ದುವ ಗೋಜಿಗೆ ಹೋಗಿರಲಿಲ್ಲ. ಅಪ್ಪ ತಪ್ಪು ಕೇಳಿಸಿಕೊಂಡು ಏನಾದರೂ ಅಂದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಮ್ಮನಾಗುತ್ತಿದ್ದರು. ಅಮ್ಮ ಒಮ್ಮೊಮ್ಮೆ ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ಬರುತ್ತಿದ್ದರು.

ಕಿವಿ ಮೇಡಂ ಕಚೇರಿಗೆ ಬಂದ ದಿನ ಸಂಜೆ ಬಚ್ಚಲಿನಲ್ಲಿ ಬಕೆಟ್ಟು ತುಂಬುತ್ತಿತ್ತು. ಅಮ್ಮ ಅಡುಗೆಮನೆಯಿಂದ, “ನಲ್ಲಿ ನಿಲ್ಸಿ ಬನ್ನಿ,” ಎಂದರು.

ಪೇಪರು ಓದುತ್ತಿದ್ದ ಅಪ್ಪ ತಲೆ ಎತ್ತಿ ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ನಾಲಿಗೆಯಿಂದ ಬಾಯೊಳಗೆಲ್ಲ ಒಂದು ಸುತ್ತು ತಡವಿ ನೋಡಿಕೊಂಡರು.

“ಹಲ್ಲು ಕೀಳ್ಸಿ ಬರ್ಲಾ?” ಎಂದು ಕೇಳಿದರು. “ಯಾವ ಹಲ್ಲು?”

ಬಕೆಟ್ಟು ತುಂಬಿ ನೀರು ಪಡಸಾಲೆಯವರೆಗೆ ಬಂತು. ಅಮ್ಮ ಗೊಣಗುತ್ತಾ ನೆಲ ಒರೆಸಿದರು. ಅಪ್ಪ ಕಾಲು ಮೇಲೆತ್ತಿಕೊಂಡು ಪೇಪರು ಮುಂದುವರಿಸಿದರು. ಅಕ್ಕ ಕೋಣೆಗೆ ಹೋಗಿ ಜಾಹೀರಾತು ಬರೆದಳು.

ಅದರಲ್ಲಿ ಬರೆಯುವುದಕ್ಕೆ ಹೆಚ್ಚೇನೂ ಇರಲಿಲ್ಲ. ಮನೆಯಲ್ಲಿ ಮೊಣಕಾಲುದ್ದ ನೀರು. ಸೊಂಟದ ಮೇಲೆ ಕೈಯಿಟ್ಟು ನಿಂತ ಹೆಂಡತಿ ‘ನಲ್ಲಿ ನಿಲ್ಸಿ’ ಎನ್ನುತ್ತಿದ್ದಾಳೆ. ಕುರ್ಚಿಯಲ್ಲಿ ಕೂತ ಗಂಡ ಗಲ್ಲ ಹಿಡಿದುಕೊಂಡು ‘ಯಾವ ಹಲ್ಲು?’ ಎನ್ನುತ್ತಿದ್ದಾನೆ. ಕೆಳಗೆ ಅಂಗಡಿಯ ಹೆಸರು, ವಿಳಾಸ. ಕಚೇರಿಯ ಚಿತ್ರಗಾರ ಅದನ್ನು ಬಹಳ ಚೆನ್ನಾಗಿ ಬಿಡಿಸಿದ. ಮಾಲೀಕರು ನೋಡಿ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಗುವಿಗೆ ಜಾಗ ಬೇಕೆಂದು ಅಂಗಡಿಯ ಹೆಸರನ್ನು ಇನ್ನಷ್ಟು ಚಿಕ್ಕದು ಮಾಡಿಸಿದರು. ಕಿವಿ ಮೇಡಂ ಕೂಡ ನಕ್ಕರು. ಆ ಮುದುಕ ಯಾರಿಗೂ ಬೇಸರ ತರಿಸುವುದಿಲ್ಲ ತಾನೇ ಎಂದು ಒಂದು ಮಾತು ಕೇಳಿದರು. ಇದು ಬರೀ ಚಿತ್ರ ಎಂದು ಮಾಲೀಕರು ಹೇಳಿದರು. ಅಕ್ಕ ಮುಂದಿನ ಜಾಹೀರಾತಿನ ಕಾಗದ ಎಳೆದುಕೊಂಡಳು.

ಬೋರ್ಡುಗಳು ಬಸ್ ಸ್ಟಾಪುಗಳಲ್ಲಿ, ಸೇತುವೆಯ ಕೆಳಗೆ, ಬಸ್ಸುಗಳ ಬೆನ್ನಿನ ಮೇಲೆ ಕಾಣಿಸಿಕೊಂಡವು. ವಾರ ಕಳೆಯುವುದರೊಳಗೆ ಆ ಮಾತು ಊರಿನ ಬಾಯಿಗೆ ಬಿತ್ತು. ಎಲ್ಲಿಗೆ ಎಂದು ಕೇಳಿದ ಕಂಡಕ್ಟರಿಗೆ ಪ್ರಯಾಣಿಕರು ಯಾವ ಹಲ್ಲು ಎಂದರು. ಹೋಂವರ್ಕ್ ಎಲ್ಲಿ ಎಂದ ಮೇಷ್ಟರಿಗೆ ಮಕ್ಕಳು ಅದನ್ನೇ ಅಂದು ಬೆಂಚಿನ ಮೇಲೆ ನಿಂತರು. ಕರೆಂಟು ಹೋಗಿದೆ ಎಂದು ಫೋನು ಮಾಡಿದವರಿಗೆ ವಿದ್ಯುತ್ ಕಚೇರಿಯವರೂ ಅದೇ ಉತ್ತರ ಕೊಟ್ಟರಂತೆ. ಆದರೆ ಅವರು ಮೊದಲಿಂದಲೂ ಹಾಗೆಯೇ, ಇದನ್ನು ಲೆಕ್ಕಕ್ಕೆ ಹಿಡಿಯಬಾರದು ಎನ್ನುವವರೂ ಇದ್ದರು. ಮಾಲೀಕರು ದಿನಾ ಬೆಳಿಗ್ಗೆ ತಮಗೆ ಎಲ್ಲೆಲ್ಲಿ ಆ ಮಾತು ಕೇಳಿಸಿತು ಎಂದು ಬಂದು ಹೇಳುತ್ತಿದ್ದರು. ವರ್ಷದ ಹಾಸ್ಯ ಜಾಹೀರಾತಿನ ಬಹುಮಾನಕ್ಕೆ ಅದನ್ನು ಕಳಿಸಿಯೂ ಆಯಿತು.

ಒಂದು ಮಧ್ಯಾಹ್ನ ಕಿವಿ ಮೇಡಂ ಮತ್ತೆ ಬಂದರು. ಸಿಟ್ಟಿನಲ್ಲಿರಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ನೀರು ಕುಡಿದು, ತಮ್ಮ ಅಂಗಡಿಯ ಮೇಲಿನ ಮಹಡಿಯ ಹಲ್ಲಿನ ಡಾಕ್ಟರು ಥ್ಯಾಂಕ್ಸ್ ಹೇಳಲು ಹೇಳಿದ್ದಾರೆ ಎಂದರು.

ಆದದ್ದು ಹೀಗೆ. ಜನರಿಗೆ ನೆನಪಿದ್ದದ್ದು ಹಲ್ಲು. ಕೆನ್ನೆ ಊದಿದವರು, ದವಡೆಗೆ ಬಟ್ಟೆ ಕಟ್ಟಿಕೊಂಡವರು ವಿಳಾಸ ಹುಡುಕಿಕೊಂಡು ಕಿವಿ ಮೇಡಂ ಅಂಗಡಿಗೆ ಬಂದು ಬಾಯಿ ತೆರೆಯುತ್ತಿದ್ದರು. ಮೇಡಂ ಅವರನ್ನು ಮೇಲಕ್ಕೆ ಕಳಿಸುತ್ತಿದ್ದರು. ಡಾಕ್ಟರು ಇನ್ನೊಂದು ಕುರ್ಚಿ ಹಾಕಿಸಿದ್ದರು. ಕಿವಿಗೆಂದೇ ಬಂದವರಲ್ಲಿ ಒಬ್ಬ ನಿವೃತ್ತ ಮೇಷ್ಟರಿದ್ದರು. ಅವರು ಅಂಗಡಿಯ ಮೆಟ್ಟಿಲು ಹತ್ತುವಾಗ ರಸ್ತೆಯ ಆಚೆಯಿಂದ ಶಾಲೆಯ ಹುಡುಗರು ಒಟ್ಟಾಗಿ ‘ಯಾವ ಹಲ್ಲು ಸಾರ್’ ಎಂದು ಕೂಗಿದರು. ಕೂಗಿದ್ದು ಅವರಿಗೆ ಕೇಳಿಸಿತು. ಅಷ್ಟು ಗಟ್ಟಿಯಾಗಿ ಕೂಗಿದ್ದರು. ತಾವು ದಾರಿ ಕೇಳಲು ಬಂದದ್ದು ಎಂಬಂತೆ ಅವರು ಅಂಗಡಿಯವರ ಹತ್ತಿರ ಅಂಚೆ ಕಚೇರಿ ಎಲ್ಲಿ ಎಂದು ವಿಚಾರಿಸಿ ಹೊರಟುಹೋದರು. ಆ ಊರಿನಲ್ಲಿ ಅವರು ಹುಟ್ಟಿದಾಗಿನಿಂದ ಇದ್ದವರು.

“ಊರೆಲ್ಲ ನಗ್ತಿದೆ. ನಾನು ನೊಣ ಹೊಡೀತಿದ್ದೀನಿ,” ಎಂದರು ಮೇಡಂ.

ಹೆಸರು ಬೇರೂರಲು ಸ್ವಲ್ಪ ಕಾಲ ಬೇಕು ಎಂದು ಮಾಲೀಕರು ಸಮಾಧಾನ ಹೇಳಿದರು. ಅಷ್ಟು ದಿನ ಅಂಗಡಿ ಉಳಿದರೆ ನೋಡೋಣ ಎಂದರು ಮೇಡಂ. ಆಮೇಲೆ, ಸುಳ್ಳು ಹೇಳಬಾರದು, ಜಾಹೀರಾತು ನೋಡಿ ಒಬ್ಬರು ಬಂದಿದ್ದರು ಎಂದರು.

ಎತ್ತರದ ಮುದುಕರು. ನೆಟ್ಟಗೆ ನಿಂತುಕೊಂಡು, ಇಡೀ ಸಭಾಂಗಣಕ್ಕೆ ಹೇಳುವಂತೆ ಒಂದೊಂದು ಪದವನ್ನೂ ಬಿಡಿಸಿ ಮಾತಾಡಿದರಂತೆ. ರೈಲು ಬರುತ್ತಿದೆಯೇನೋ ಎಂದು ಮೇಡಂ ತಿರುಗಿ ನೋಡಿದ್ದರಂತೆ.

ಕಿಟಕಿಯ ಪಕ್ಕದ ಮೇಜಿನಲ್ಲಿ ಅಕ್ಕ ಪೆನ್ನು ಕೆಳಗಿಟ್ಟಳು.

“ಬೋರ್ಡಿನಲ್ಲಿರೋದು ನಾನು ಅಂದ್ರು,” ಮೇಡಂ ಮುಂದುವರಿಸಿದರು. “ಹೆಂಡತಿ ಅವತ್ತು ಹೇಳಿದ್ದು ನಲ್ಲಿ ಅಂತ, ಬೋರ್ಡು ಓದಿದ ಮೇಲೆ ಗೊತ್ತಾಯ್ತು ಅಂದ್ರು. ನಂಗೆ ತಲೆಬುಡ ಅರ್ಥ ಆಗ್ಲಿಲ್ಲ. ಸುಮ್ನೆ ಕೂರಿಸಿ ಪರೀಕ್ಷೆ ಮಾಡಿದೆ. ಎರಡೂ ಕಿವಿ ಹೋಗಿದೆ. ಹೇಳಿದಾಗ ಪರೀಕ್ಷೆ ತಪ್ಪಿರಬಹುದಾ ಅಂತ ಕೇಳಿದ್ರು. ಇಲ್ಲ ಅಂತ ಬರೆದು ತೋರಿಸಿದೆ. ಆಮೇಲೆ ತುಂಬ ಹೊತ್ತು ಕೈ ಕಟ್ಟಿಕೊಂಡು ಕೂತಿದ್ರು.”

ಅವರು ಮಷೀನಿಗೆ ಹೇಳಿ ಹೋಗಿದ್ದಾರೆ, ಮನೆಗೆ ಫೋನು ಮಾಡಬೇಡಿ ಎಂದೂ ಹೇಳಿದ್ದಾರೆ, ನಿಮ್ಮ ಜಾಹೀರಾತಿನಿಂದ ತಮಗೆ ಸಿಕ್ಕಿದ್ದು ಇವರೊಬ್ಬರೇ ಎಂದು ಮೇಡಂ ಮಾತು ಮುಗಿಸಿದರು.

“ನೋಡಿ ಮತ್ತೆ, ಕೆಲಸ ಮಾಡ್ತಿದೆ,” ಎಂದರು ಮಾಲೀಕರು.

ಅಕ್ಕ ಅಂದು ಬೇಗ ಮನೆಗೆ ಹೊರಟಳು. ದಾರಿಯುದ್ದಕ್ಕೂ ಬೋರ್ಡುಗಳಿದ್ದವು. ತಾನೇ ಬರೆದ ಮಾತನ್ನು ಅವಳು ಅಂದು ಹೆಜ್ಜೆಹೆಜ್ಜೆಗೂ ಎದುರಿಸಬೇಕಾಯಿತು. ಬರೆಯುವಾಗ ಅವಳಿಗೆ ತಪ್ಪು ಮಾಡುತ್ತಿದ್ದೇನೆ ಎನ್ನಿಸಿರಲಿಲ್ಲ. ಅಪ್ಪನಿಗೆ ಗೊತ್ತಾಗುವುದಿಲ್ಲ ಎಂದಷ್ಟೇ ಅನ್ನಿಸಿತ್ತು. ಅಪ್ಪನಿಗೆ ಹೋಗಿದ್ದು ಕಿವಿ, ಕಣ್ಣಲ್ಲ ಎಂಬುದು ಅವಳ ಲೆಕ್ಕದಲ್ಲಿ ಹೇಗೋ ಬಿಟ್ಟುಹೋಗಿತ್ತು.

ಅಪ್ಪ ಎಂದಿನ ಕುರ್ಚಿಯಲ್ಲಿದ್ದರು. ಅಕ್ಕ ಎದುರಿಗೆ ನಿಂತು, ತಪ್ಪಾಯ್ತಪ್ಪಾ ಎಂದಳು. ಅಪ್ಪ ಏನು ಎಂದರು. ಅವಳು ಇನ್ನಷ್ಟು ಗಟ್ಟಿಯಾಗಿ ಹೇಳಿದಳು. ಅಪ್ಪ ಕಿವಿಗೆ ಕೈ ಅಡ್ಡ ಇಟ್ಟುಕೊಂಡರು. ಅವರು ಹಾಗೆ ಮಾಡಿದ್ದನ್ನು ಅಕ್ಕ ನೋಡಿದ್ದು ಅದೇ ಮೊದಲು. ಕ್ಷಮೆಯನ್ನು ಮೆಲ್ಲಗೆ ಕೇಳಬಹುದು, ಅಳುತ್ತಾ ಕೇಳಬಹುದು, ಕೂಗಿ ಕೇಳುವುದು ಬಹಳ ಕಷ್ಟ. ಅಕ್ಕ ಕೂಗಿದಳು. ಕೆಳಗಿನ ಮನೆಯವರು ಬಾಲ್ಕನಿಗೆ ಬಂದು ಮೇಲೆ ನೋಡಿದರು.

“ಅಷ್ಟು ಕೂಗ್ಬೇಡ,” ಎಂದರು ಅಪ್ಪ. ಪೇಪರು ಮಡಿಸಿದರು. “ಜೋಕು ಚೆನ್ನಾಗಿದೆ. ಬಸ್ ಸ್ಟಾಪಿನಲ್ಲಿ ಜನ ನಿಂತು ನಗ್ತಿದ್ರು. ಏನಿದೆ ಅಂತ ನಾನೂ ಹೋಗಿ ಓದಿದೆ.”

ಅಕ್ಕ ಹೆಗಲ ಚೀಲವನ್ನು ಕೆಳಗಿಟ್ಟಳು.

“ಮನೇಲೇ ಹೇಳಿದ್ರೆ ನಾನೂ ನಿಮ್ಮ ಜೊತೇಲಿ ನಗ್ತಿದ್ದೆ,” ಎಂದರು ಅಪ್ಪ.

ಬೈದಿದ್ದರೆ ಅಕ್ಕ ತಡೆದುಕೊಳ್ಳುತ್ತಿದ್ದಳು. ಅವಳು ಅಲ್ಲೇ ನೆಲದ ಮೇಲೆ ಕೂತು ಅಪ್ಪನ ಮೊಣಕಾಲ ಮೇಲೆ ಕೈ ಇಟ್ಟಳು. ಅಪ್ಪ ಆ ಕೈಯನ್ನು ಎರಡು ಸಲ ತಟ್ಟಿ, ಮತ್ತೆ ಪೇಪರು ಬಿಡಿಸಿದರು. ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದ ಅಮ್ಮನಿಗೆ, ಮಷೀನು ಬರುವ ವಾರ ಸಿಗುತ್ತದೆ ಎಂದು ತಿಳಿಸಿದರು. ಅಮ್ಮನ ಮುಖದ ಬಣ್ಣ ಇಳಿಯಿತು. ಅಕ್ಕ ಅದನ್ನು ಸಂತೋಷದ ಗಾಬರಿ ಎಂದುಕೊಂಡಳು. ಅದು ಬರೀ ಗಾಬರಿಯಾಗಿತ್ತು.

ಮಷೀನು ಬಂತು. ಕಿವಿಯ ಹಿಂದೆ ಕೂರುವ, ಬೆರಳ ತುದಿಯಷ್ಟಿನ ಎರಡು ತುಣುಕು. ಅಂಗಡಿಯಿಂದ ಮನೆಗೆ ಬರುವಷ್ಟರಲ್ಲಿ ಅಪ್ಪ ತಮ್ಮ ಚಪ್ಪಲಿಯ ಸದ್ದನ್ನು ಕೇಳಿ ಯಾರೋ ಹಿಂದೆ ಬರುತ್ತಿದ್ದಾರೆ ಎಂದು ಮೂರು ಸಲ ತಿರುಗಿ ನೋಡಿದ್ದರು. ಮನೆಯಲ್ಲಿ ಫ್ರಿಜ್ಜು ಇಷ್ಟು ಸದ್ದು ಮಾಡುತ್ತಿತ್ತೇ ಎಂದು ಅದರ ಮುಂದೆ ನಿಂತರು. ಪೇಪರಿನ ಹಾಳೆ ಮಗುಚುವಾಗ ಆಗುವ ಸದ್ದಿಗೆ ಅವರಿಗೇ ನಾಚಿಕೆಯಾಗಿ ನಿಧಾನವಾಗಿ ಮಗುಚತೊಡಗಿದರು.

ಆದರೆ ಅಮ್ಮ ಮಾತು ನಿಲ್ಲಿಸಿದರು. ಗೋಡೆಗೂ ಕಿವಿ ಇದೆ ಎಂಬ ಮಾತಿಗೆ ಎಂದೂ ಹೆದರದಿದ್ದವರು, ಗಂಡನಿಗೆ ಕಿವಿ ಬಂತು ಎಂದೊಡನೆ ಬಾಯಿಗೆ ಬೀಗ ಹಾಕಿಕೊಂಡರು. ಊಟಕ್ಕೆ ಕರೆಯಬೇಕಾದರೆ ತಟ್ಟೆ ತಂದಿಟ್ಟು ಹೋಗುತ್ತಿದ್ದರು. ಬಾಗಿಲು ಹಾಕಬೇಕಾದರೆ ತಾವೇ ಎದ್ದು ಹಾಕುತ್ತಿದ್ದರು. ಗೊಣಗುಟ್ಟುವುದಕ್ಕೆಂದು ತಾರಸಿಗೆ ಹೋಗಿ ಬರುತ್ತಿದ್ದರು.

ಕೆಲವು ದಿನ ನೋಡಿದ ಅಪ್ಪ ಮಷೀನು ಕೆಟ್ಟಿದೆ ಎಂದು ತೀರ್ಮಾನಿಸಿ ಅಂಗಡಿಗೆ ಹೊರಟರು. ಅಕ್ಕ ರಜೆ ಹಾಕಿ ಜೊತೆಯಲ್ಲಿ ಹೋದಳು. ಅವಳನ್ನು ಕಂಡ ಕಿವಿ ಮೇಡಂಗೆ ಆಗ ಎಲ್ಲ ತಿಳಿಯಿತು. ಅವರು ಅಪ್ಪನನ್ನು ಒಮ್ಮೆ, ಮಗಳನ್ನು ಒಮ್ಮೆ ನೋಡಿದರು. ಅಪ್ಪನನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಹಿಂದಿನಿಂದ ಪಿಸುಗುಟ್ಟಿದರು, ಅಪ್ಪ ತಿರುಗಿ ಉತ್ತರ ಕೊಟ್ಟರು. ನೆಲಕ್ಕೆ ಗುಂಡುಸೂಜಿ ಬೀಳಿಸಿದರು. ಅಪ್ಪ ಬಗ್ಗಿ ಹೆಕ್ಕಿಕೊಟ್ಟರು.

“ಮಷೀನು ಸರಿಯಾಗೇ ಇದೆ. ಎಲ್ಲಿ ಕೇಳಿಸ್ತಿಲ್ಲ ನಿಮಗೆ?” ಎಂದು ಮೇಡಂ ಕೇಳಿದರು.

“ಮನೆಯಲ್ಲಿ.”

“ಮನೇಲಿ ಯಾರು ಮಾತಾಡೋದು?”

“ನನ್ನ ಹೆಂಡತಿ.”

“ಅವರು ಈಗ ಮಾತಾಡ್ತಿದ್ದಾರಾ?”

ಅಪ್ಪ ಯೋಚಿಸಿದರು. ಬರಬೇಕಾದ ಗಾಡಿ ಯಾಕೆ ಬಂದಿಲ್ಲ ಎಂದು ಹಳಿಯ ಕಡೆ ನೋಡುವವರ ಹಾಗೆ ಗೋಡೆಯನ್ನೇ ನೋಡಿದರು.

“ಅದನ್ನ ನಾನು ವಿಚಾರಿಸಿಲ್ಲ,” ಎಂದರು.

ಬಾಗಿಲ ಹತ್ತಿರ ನಿಂತಿದ್ದ ಅಕ್ಕ ನಕ್ಕುಬಿಟ್ಟಳು. ತಡೆಯಲು ನೋಡಿದಳು, ಆಗಲಿಲ್ಲ. ಬೆನ್ನು ಬಾಗಿಸಿ, ಗೋಡೆ ಹಿಡಿದು, ಮೂಗಿನಿಂದ ಸದ್ದು ಬರುವಂತೆ ನಕ್ಕಳು. ಮೇಡಂ ಕೂಡ ನಕ್ಕರು. ಅಪ್ಪ ಮಾತ್ರ ತಲೆ ಓರೆ ಮಾಡಿ ಮಗಳ ನಗುವನ್ನು ಪೂರ್ತಿ ಕೇಳಿಸಿಕೊಂಡರು.

“ನಿಮ್ಮಮ್ಮನದೂ ಹೀಗೇ ಇತ್ತು,” ಎಂದರು. ಆಮೇಲೆ ಅವರೂ ನಕ್ಕರು.

ಬಸ್ಸಿನಲ್ಲಿ ಬರುವಾಗ ಅಪ್ಪ, ಹಾಕುವುದಾದರೆ ಇದನ್ನು ಹಾಕು ಬೋರ್ಡಿಗೆ ಎಂದರು. ಅಮ್ಮನನ್ನು ಕೇಳದೆ ಒಂದಕ್ಷರ ಬರೆಯುವುದಿಲ್ಲ ಎಂದಳು ಅಕ್ಕ.

ಅಮ್ಮ ಮೊದಲು ಒಪ್ಪಲಿಲ್ಲ. ಮಾತು ಯಾಕೆ ನಿಲ್ಲಿಸಿದ್ದು ಎಂದು ಅಪ್ಪ ಎದುರಿಗೆ ಕೂರಿಸಿಕೊಂಡು ಕೇಳಿದಾಗ ಸೆರಗಿನ ಅಂಚು ತಿರುವುತ್ತಾ ಕೂತರು.

“ಇಷ್ಟು ವರ್ಷ ಬಾಯಿಗೆ ಬಂದದ್ದು ಆಡಿದ್ದೀನಿ,” ಎಂದರು ಕೊನೆಗೆ. “ನಿಮ್ಮ ಮುಖ ನೋಡ್ಕೊಂಡೇ ಆಡಿದ್ದೀನಿ. ಈಗ ಯೋಚನೆ ಮಾಡಿ ಆಡ್ಬೇಕು. ಅಭ್ಯಾಸ ತಪ್ಪಿಹೋಗಿದೆ.”

“ಯೋಚನೆ ಮಾಡ್ಬೇಡ,” ಎಂದರು ಅಪ್ಪ. “ಮಷೀನಿಗೆ ಸುಮ್ನೆ ಅಷ್ಟು ಕೊಟ್ಟಿದ್ದೀನಾ?”

ಅಮ್ಮ ಒಂದು ಷರತ್ತಿನ ಮೇಲೆ ಒಪ್ಪಿದರು. ಜಾಹೀರಾತಿನಲ್ಲಿ ತಮಗೂ ಒಂದು ಮಾತಿರಬೇಕು. ತಮ್ಮ ಬಗ್ಗೆ ಗಂಡ ಊರಿಗೆಲ್ಲ ಹೇಳುವಾಗ ತಾವು ಬಾಯಿ ಮುಚ್ಚಿಕೊಂಡಿರುವುದು ಆಗದ ಮಾತು.

ಅಕ್ಕ ಬರೆದದ್ದನ್ನು ಓದಿ ಮಾಲೀಕರು ನಗಲಿಲ್ಲ. ಇದರಲ್ಲಿ ನಗು ಎಲ್ಲಿದೆ ಎಂದರು. ಕೊನೆಯಲ್ಲಿದೆ, ಅದು ಬರುವ ಮುಂಚೆ ಮಷೀನು ಎಂಬ ಮಾತು ಜನರ ಕಿವಿಗೆ ಐದಾರು ಸಲ ಬಿದ್ದಿರುತ್ತದೆ ಎಂದಳು ಅಕ್ಕ. ಹಳೆಯದು ಊರಿಗೆಲ್ಲ ಬಾಯಿಪಾಠವಾಗಿರುವಾಗ, ಬಹುಮಾನ ಬರುವ ಹೊತ್ತಿನಲ್ಲಿ ಅದನ್ನು ತೆಗೆಯುವುದು ಹುಚ್ಚುತನ ಎಂದು ಮಾಲೀಕರು ವಾದಿಸಿದರು.

“ಹಳೇದನ್ನ ಹಲ್ಲಿನ ಡಾಕ್ಟರು ಹಾಕಿದ್ರೂ ನಡೀತಿತ್ತು,” ಎಂದಳು ಅಕ್ಕ. “ಇದನ್ನ ಕಿವಿ ಅಂಗಡಿಯವರು ಬಿಟ್ರೆ ಇನ್ಯಾರೂ ಹಾಕೋ ಹಾಗಿಲ್ಲ. ಮತ್ತೆ, ಅದರಲ್ಲಿ ನಾವು ಮುದುಕನನ್ನ ನೋಡಿ ನಗ್ತಿದ್ವಿ. ಇದರಲ್ಲಿ ಅವರೇ ನಮ್ಮನ್ನ ಕರೆದು ನಗಿಸ್ತಿದ್ದಾರೆ. ಆ ಅಂಗಡಿ ಮೆಟ್ಟಿಲು ಹತ್ತಬೇಕಾದೋರು ಯಾರು ಅಂತ ಯೋಚನೆ ಮಾಡಿ.”

ಅಕ್ಕ ಇಷ್ಟು ಉದ್ದ ಮಾತಾಡಿದ್ದು ಕಚೇರಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಮಾಲೀಕರು ಗೋಡೆಯ ಮೇಲಿನ ತಮ್ಮ ಬರಹವನ್ನು ಒಮ್ಮೆ ನೋಡಿ, ಆಯಿತು ಎಂದರು. ಹಳೆಯ ಬೋರ್ಡುಗಳನ್ನು ಇಳಿಸುತ್ತಾರೆಂಬ ಸುದ್ದಿ ತಿಳಿದು ಹಲ್ಲಿನ ಡಾಕ್ಟರು, ಅವನ್ನು ತಮಗೇ ಕೊಡಿ, ಕೆಳಗಿನ ಹೆಸರೊಂದನ್ನು ಬದಲಾಯಿಸಿಕೊಳ್ಳುತ್ತೇನೆ ಎಂದು ಹೇಳಿ ಕಳಿಸಿದರು. ಅಕ್ಕ ಅಪ್ಪನನ್ನು ಕೇಳಿದಳು. ಬೇಡ, ಆ ಮನುಷ್ಯ ನಿಜವಾಗಿಯೂ ಕೀಳುತ್ತಾನೆ ಎಂದರು ಅಪ್ಪ.

ಹೊಸದು ರೇಡಿಯೋಗಾಗಿ. ರೆಕಾರ್ಡಿಂಗ್ ಕೋಣೆಯಲ್ಲಿ ಅಪ್ಪ ಮೈಕನ್ನು ತಾವೇ ಎಷ್ಟು ಬೇಕೋ ಅಷ್ಟು ದೂರಕ್ಕೆ ಸರಿಸಿಕೊಂಡು, ಗಂಟಲು ಸರಿಮಾಡಿಕೊಂಡು, ಗಾಡಿಯೊಂದು ತಡವಾಗಿದೆ ಎಂದು ತಿಳಿಸುವ ಅದೇ ದನಿಯಲ್ಲಿ ಒಂದೇ ಉಸಿರಿಗೆ ಹೇಳಿ ಮುಗಿಸಿದರು:

“ಪ್ರಯಾಣಿಕರ ಗಮನಕ್ಕೆ. ನಾನು ಕಿವಿಗೆ ಮಷೀನು ಹಾಕಿಸಿಕೊಂಡಿದ್ದೇನೆ. ಮಷೀನು ಹಾಕಿಸಿಕೊಂಡ ಮೇಲೆ ಮನೆಯಲ್ಲಿ ಯಾರ ಮಾತೂ ಕೇಳಿಸಲಿಲ್ಲ. ಮಷೀನು ಕೆಟ್ಟಿದೆ ಎಂದು ಅಂಗಡಿಗೆ ಹೋದೆ. ಅವರು ಮಷೀನು ಪರೀಕ್ಷೆ ಮಾಡಿದರು. ಮಷೀನು ಸರಿಯಾಗಿತ್ತು. ನನ್ನ ಹೆಂಡತಿ ಮಾತು ನಿಲ್ಲಿಸಿದ್ದಳು.”

ಇಲ್ಲಿ ಒಂದು ಕ್ಷಣ ಮೌನ. ಆಮೇಲೆ ಅಮ್ಮನ ದನಿ: “ಈಗ ಶುರು ಮಾಡಿದ್ದೀನಿ.”

ಮತ್ತೆ ಅಪ್ಪ: “ಮಷೀನು ವಾಪಸ್ ಕೊಟ್ಟಿಲ್ಲ.”

ಅಷ್ಟಾದ ಮೇಲೆ ಅಂಗಡಿಯ ಹೆಸರು, ವಿಳಾಸ. ಅದನ್ನೂ ಅಪ್ಪನೇ, ಗಾಡಿ ನಿಲ್ಲುವ ಊರುಗಳ ಹಾಗೆ ಬಿಡಿಸಿ ಹೇಳಿದರು. ಅಪ್ಪನದು ಒಂದೇ ಸಲಕ್ಕೆ ಸರಿಬಂತು. ಅಮ್ಮನ ಮೂರು ಪದಗಳಿಗೆ ಮಧ್ಯಾಹ್ನವೆಲ್ಲ ಹಿಡಿಯಿತು. ಅವರು ಪ್ರತಿ ಸಲವೂ ಇನ್ನೇನಾದರೊಂದು ಸೇರಿಸುತ್ತಿದ್ದರು.

ಈ ಜಾಹೀರಾತನ್ನು ಯಾರೂ ಬಸ್ಸಿನಲ್ಲಿ ಹೇಳಿಕೊಂಡು ತಿರುಗಲಿಲ್ಲ. ಮಕ್ಕಳು ಅದನ್ನು ಕೂಗಲಿಲ್ಲ. ಅಡುಗೆ ಮಾಡುತ್ತಾ ರೇಡಿಯೋ ಕೇಳುತ್ತಿದ್ದ ಹೆಂಗಸರು ಒಮ್ಮೆ ಕೈ ನಿಲ್ಲಿಸಿ ಪಡಸಾಲೆಯತ್ತ ನೋಡಿದರು, ಅಷ್ಟೇ. ಮುಂದಿನ ವಾರ ಕಿವಿ ಮೇಡಂ ಅಂಗಡಿಗೆ ದಂಪತಿಗಳು ಬರತೊಡಗಿದರು. ಕೆಲವರನ್ನು ಹೆಂಡತಿಯರು ತೋಳು ಹಿಡಿದು ತಂದರು. ಹೆಂಡತಿ ಮಾತು ನಿಲ್ಲಿಸಿದ ಅಂಗಡಿ ಇದೇನಾ ಎಂದು ಕೇಳಿಕೊಂಡು ಒಬ್ಬರು ತಾವಾಗಿಯೇ ಬಂದರು. ಅವರಿಗೆ ಬೇಕಾದದ್ದು ಬೇರೆ ಎಂದು ಆಮೇಲೆ ತಿಳಿದರೂ ಪರೀಕ್ಷೆಯಲ್ಲಿ ಕಿವಿ ಮಂದವಾಗಿರುವುದು ಗೊತ್ತಾಗಿ ಅವರೂ ಮಷೀನು ಕೊಂಡರು. ಅಂಚೆ ಕಚೇರಿ ವಿಚಾರಿಸಿದ್ದ ಮೇಷ್ಟರು ಮತ್ತೆ ಬಂದಾಗ ಹುಡುಗರು ಸುಮ್ಮನಿದ್ದರು. ಬಂದವರೆಲ್ಲ ನಾಚಿಕೆ ಬಿಟ್ಟಿದ್ದರೆಂದಲ್ಲ. ಆದರೆ ರೇಡಿಯೋದಲ್ಲಿ ಹೇಳಿದ ಆ ಮುದುಕರಿಗೆ ನಾಚಿಕೆಯಾಗದಿದ್ದರೆ ತಮಗೇನು ಎಂದು ಹೆಚ್ಚಿನವರು ಮೇಡಂ ಹತ್ತಿರ ಹೇಳಿದರಂತೆ. ಮೇಡಂ ಗಾಜಿನ ಕೋಣೆಯ ಪಕ್ಕದಲ್ಲಿ ಜೊತೆಗೆ ಬಂದವರಿಗೆಂದು ಒಂದು ಬೆಂಚು ಹಾಕಿಸಿದರು.

ಹಳೆಯ ಜಾಹೀರಾತಿಗೆ ಬಹುಮಾನವೂ ಬಂತು. ಮಾಲೀಕರು ಹೋಗಿ ತೆಗೆದುಕೊಂಡು ಬಂದು ಗಾಜಿನ ಕಪಾಟಿನಲ್ಲಿಟ್ಟರು. ಅಷ್ಟರಲ್ಲಿ ಯಾವ ಹಲ್ಲು ಎಂಬ ಮಾತು ಊರಿನ ಬಾಯಿಂದ ಇಳಿದುಹೋಗಿತ್ತು. ಅದು ಯಾವ ಅಂಗಡಿಯದಾಗಿತ್ತು ಎಂದು ಬಹುಮಾನ ಕೊಟ್ಟವರೇ ಕಾಗದ ನೋಡಿ ಹೇಳಬೇಕಾಯಿತಂತೆ. ಅಕ್ಕ ಆ ಸಮಾರಂಭಕ್ಕೆ ಹೋಗಲಿಲ್ಲ. ಅವಳಿಗೆ ಬಹುಮಾನ ಬೇಡವೆಂದೇನಿರಲಿಲ್ಲ. ವೇದಿಕೆಯ ಮೇಲೆ ನಿಂತು ಆ ಚಿತ್ರದ ಪಕ್ಕದಲ್ಲಿ ಫೋಟೋ ತೆಗೆಸಿಕೊಳ್ಳುವುದು ಅವಳಿಂದಾಗುತ್ತಿರಲಿಲ್ಲ.

ಆ ಸಂಜೆ ಅವಳು ಮನೆಯ ಮೆಟ್ಟಿಲು ಹತ್ತುತ್ತಿರುವಾಗ ಮೇಲಿಂದ ಅಮ್ಮನ ದನಿ ಕೇಳಿಸಿತು. ಅಪ್ಪ ಏನು ಕೇಳಿದ್ದರೋ, ಅಮ್ಮ ಇಷ್ಟು ವರ್ಷ ಗೊಣಗಿದ್ದನ್ನೆಲ್ಲ ಮೊದಲಿನಿಂದ ಒಂದೊಂದಾಗಿ ಹೇಳುತ್ತಿದ್ದರು. ಅಪ್ಪನ ತಂಗಿ ಬಂದು ಉಳಿದುಕೊಂಡಿದ್ದಾಗ ಆಡಿದ್ದು, ಮನೆ ಬದಲಾಯಿಸಿದಾಗ ಕಪಾಟು ಹೊರುವವರ ಎದುರಿಗೆ ಆಡಿದ್ದು, ತಮಗೆ ಜ್ವರ ಬಂದಾಗ ಮಂಚದ ಮೇಲೆ ಮಲಗಿ ಗೋಡೆಗೆ ಆಡಿದ್ದು. ಅಪ್ಪ ನಡುನಡುವೆ, ಅದು ಹಾಗಲ್ಲ, ಎನ್ನುತ್ತಿದ್ದರು. ಹಾಗೇ, ಎನ್ನುತ್ತಿದ್ದರು ಅಮ್ಮ. ದನಿ ಏರಿತು. ಅಪ್ಪನದೂ ಏರಿತು. ಆ ಮನೆಯಲ್ಲಿ ಇಬ್ಬರೂ ಸೇರಿ ಜಗಳವಾಡಿದ್ದನ್ನು ಅಕ್ಕ ಚಿಕ್ಕಂದಿನಲ್ಲಿ ಕೇಳಿದ್ದಳೇ ಹೊರತು ಆಮೇಲೆ ಕೇಳಿರಲಿಲ್ಲ.

ಕೆಳಗಿನ ಮನೆಯಾಕೆ ಬಾಗಿಲು ತೆರೆದು, ಮೇಲೆ ಏನಾದರೂ ತೊಂದರೆಯಾಗಿದೆಯೇ ಎಂದು ಕೇಳಿದರು.

“ಏನಿಲ್ಲ,” ಎಂದಳು ಅಕ್ಕ. “ಮಾತಾಡ್ತಿದ್ದಾರೆ.”

ಅವಳು ಮೇಲೆ ಹೋಗಲಿಲ್ಲ. ಚೀಲವನ್ನು ಪಕ್ಕಕ್ಕಿಟ್ಟು, ಮೆಟ್ಟಿಲ ಮೇಲೆ ಕೂತಳು. ಒಳಗೆ ಅಪ್ಪನ ಸರದಿ ಶುರುವಾಗಿತ್ತು.